ನೋಡಿ ನಡೆಯುವ ಅಹಿಂಸೆ: ಕಡಲ ನೀರಿನ ಕಾಣದ ಜೀವಿಗಳು

ಮುನಿಗಳು ವಿಹಾರ ಮಾಡುವಾಗ ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡೇ ಹೆಜ್ಜೆಯಿಡಬೇಕೆಂಬುದು ಈರ್ಯಾ ಸಮಿತಿಯ ನಿಯಮ. ಹಗಲಿನ ಬೆಳಕಿನಲ್ಲಿ, ಜನ ಜಾನುವಾರು ನಡೆದು ಸವೆದ ದಾರಿಯಲ್ಲಿ, ಮನಸ್ಸನ್ನು ಬೇರೆಡೆ ಹರಿಯಗೊಡದೆ ನಡೆಯಬೇಕು. ಈ ಸಮಿತಿಯನ್ನು ಶ್ರಾವಕರಾದ ನಮಗೆ ಅಷ್ಟು ಕಟ್ಟುನಿಟ್ಟಾಗಿ ವಿಧಿಸಿಲ್ಲವಾದರೂ ಅದರ ತಿರುಳು ನಮಗೂ ಅನ್ವಯಿಸುತ್ತದೆ. ಅಹಿಂಸೆಯ ಮೊದಲ ಹೆಜ್ಜೆಯೇ ನೋಡುವುದು. ನೋಡದೆ ನಡೆದವನ ಕಾಲಡಿಯಲ್ಲಿ ಒಂದು ಇರುವೆಯೂ ಸಾಯದೆ ಉಳಿದಿರಬಹುದು. ಆದರೂ ಅವನು ಪ್ರಮಾದದಿಂದ ನಡೆದವನೇ. ಎಚ್ಚರದಿಂದ ನೋಡಿ ನಡೆದವನ ಕಾಲಿಗೆ ಜೀವಿಯೊಂದು ಅಕಸ್ಮಾತ್ತಾಗಿ ಸಿಲುಕಬಹುದು. ಆದರೂ ಅವನಲ್ಲಿ ಪ್ರಮಾದವಿಲ್ಲ. ನಮ್ಮ ಆಚಾರ್ಯರು ಹಿಂಸೆಯನ್ನು ಅಳೆದದ್ದು ಈ ಪ್ರಮಾದವೆಂಬ ಅಳತೆಗೋಲಿನಿಂದ.

ಹಾಗಾದರೆ ಕಣ್ಣಿಗೆ ಕಾಣಿಸದ ಜೀವಿಗಳ ವಿಷಯದಲ್ಲಿ ನೋಡುವುದೆಂದರೆ ಏನು? ಈ ಪ್ರಶ್ನೆಯನ್ನು ಇಂದು ನಮ್ಮ ಬಸದಿಯ ಪ್ರವಚನ ಮಂಟಪದಲ್ಲಿ ಮಾತ್ರವಲ್ಲದೆ, ದೂರದ ತಣ್ಣನೆಯ ಕಡಲುಗಳಲ್ಲಿ ಪಾಚಿ ಬೆಳೆಯುವ ಕೃಷಿಕರ ನಡುವೆಯೂ ಕೇಳಲಾಗುತ್ತಿದೆ. ಅವರ ಬೆಳೆಗೆ ಒಳಿತನ್ನೋ ಕೆಡುಕನ್ನೋ ಮಾಡುವ ಸೂಕ್ಷ್ಮಜೀವಿಗಳನ್ನು ಅರಿಯಲು ವಿಜ್ಞಾನಿಗಳು ಒಂದು ಲೀಟರಿನಷ್ಟು ಸಮುದ್ರದ ನೀರನ್ನು ತಂದು, ಅದರಲ್ಲಿರುವ ಡಿಎನ್‌ಎ ಎಂಬ ಆನುವಂಶಿಕ ದ್ರವ್ಯವನ್ನು ಓದುತ್ತಾರೆ. ಇದನ್ನು ಪರಿಸರ ಡಿಎನ್‌ಎ ವಿಧಾನವೆನ್ನುತ್ತಾರೆ. ಈ ವಿಧಾನದಿಂದ ಶ್ರಾವಕನು ಕಲಿಯಬೇಕಾದದ್ದೂ ಇದೆ, ಇದರ ಬಗ್ಗೆ ಅವನು ಎಚ್ಚರ ವಹಿಸಬೇಕಾದದ್ದೂ ಇದೆ ಎಂಬುದು ನನ್ನ ಅಭಿಪ್ರಾಯ. ಅದನ್ನು ವಿವರಿಸುವ ಮೊದಲು ಆ ಬೆಳೆಯ ಪರಿಚಯ ಮಾಡಿಕೊಳ್ಳುವುದು ಒಳಿತು.

ಕೆಲ್ಪ್ ಎಂಬುದು ತಣ್ಣೀರಿನ ಕಡಲುಗಳಲ್ಲಿ ಬೆಳೆಯುವ ದೊಡ್ಡ ಜಾತಿಯ ಕಂದು ಪಾಚಿ. ಅದರ ಎಲೆಯಂಥ ಪಟ್ಟಿಗಳು ಮೀಟರುಗಟ್ಟಲೆ ಉದ್ದ ಬೆಳೆಯುತ್ತವೆ. ನಮ್ಮ ಕರಾವಳಿಯ ಬೆಚ್ಚನೆಯ ನೀರು ಅದಕ್ಕೆ ಒಗ್ಗುವುದಿಲ್ಲ. ಚೀನಾ, ಜಪಾನ್ ಮತ್ತು ಕೊರಿಯಾಗಳಲ್ಲಿ ಇದು ನಿತ್ಯದ ಆಹಾರ. ಇತ್ತೀಚಿನ ದಶಕಗಳಲ್ಲಿ ನಾರ್ವೆ, ಅಮೆರಿಕದ ಅಲಾಸ್ಕಾ ಮತ್ತು ಮೇನ್ ರಾಜ್ಯಗಳಲ್ಲಿಯೂ ಇದರ ಕೃಷಿ ನಡೆಯುತ್ತಿದೆ. 2019ರ ಅಂದಾಜಿನಂತೆ ಜಗತ್ತಿನಲ್ಲಿ ದೊರೆತ ಎಲ್ಲ ಬಗೆಯ ಕಡಲಪಾಚಿಯ ಹಸಿ ತೂಕ ಸುಮಾರು 3.5 ಕೋಟಿ ಟನ್. ಅದರಲ್ಲಿ 100ಕ್ಕೆ 97 ಭಾಗ ಕೃಷಿಯಿಂದ ಬಂದದ್ದು, ಅರ್ಧಕ್ಕಿಂತ ಹೆಚ್ಚು ಚೀನಾ ಒಂದೇ ದೇಶದ್ದು. ಅಲ್ಲಿಯೂ ಈ ಪಾಚಿ ಮೂಲತಃ ಇರಲಿಲ್ಲ. 1927ರ ಸುಮಾರಿಗೆ ಜಪಾನಿನಿಂದ ದಾಲಿಯನ್ ಬಂದರಿಗೆ ಬಂದು ನೆಲೆಸಿತು. 1950ರ ದಶಕದಲ್ಲಿ ಝೆಂಗ್ ಚೆಂಗ್‌ಕ್ವೇ ಮೊದಲಾದ ವಿಜ್ಞಾನಿಗಳು ಅದನ್ನು ತೇಲುವ ಹಗ್ಗಗಳ ಮೇಲೆ ಬೆಳೆಸುವ ಕ್ರಮವನ್ನು ರೂಪಿಸಿದರು.

ನಮಗೂ ಇದಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಪಾಚಿಯನ್ನು ನಮ್ಮ ಆಚಾರಗ್ರಂಥಗಳು ಅನಂತಕಾಯದ ಸಾಲಿನಲ್ಲಿ ಇರಿಸಿವೆ. ಆದಕಾರಣ ವ್ರತಿಗಳು ಅದನ್ನು ತಿನ್ನುವುದಿಲ್ಲ. ಆ ನಿಯಮವನ್ನು ಸಡಿಲಿಸಬೇಕೆಂಬುದು ಈ ಬರಹದ ಉದ್ದೇಶವಲ್ಲ. ಆದರೆ ಕಂದು ಪಾಚಿಗಳಿಂದ ತೆಗೆಯುವ ಆಲ್ಜಿನೇಟ್ ಎಂಬ ಅಂಟು ಪದಾರ್ಥವು ಹತ್ತಿ ಬಟ್ಟೆಗೆ ಬಣ್ಣದ ಅಚ್ಚು ಹಾಕುವ ಮಸಿಯನ್ನು ಗಟ್ಟಿಗೊಳಿಸುತ್ತದೆ. ದಂತವೈದ್ಯರು ಹಲ್ಲಿನ ಅಚ್ಚು ತೆಗೆಯುವ ಪುಡಿಯಲ್ಲಿಯೂ, ಕೆಲವು ಐಸ್‌ಕ್ರೀಮುಗಳಲ್ಲಿಯೂ ಅದು ಸೇರಿದೆ. ನಾವು ಉಡುವ ಹೂವಿನ ಅಚ್ಚಿನ ಸೀರೆಯ ಹಿಂದೆ ಎಲ್ಲಿಯದೋ ಕಡಲಿನ ಪಾಚಿ ಇರಬಹುದು. ಬಳಕೆಯಲ್ಲಿ ಪಾಲುಳ್ಳವರಿಗೆ ಅದರ ಹಿಂದಿನ ಆರಂಭ, ಉದ್ಯೋಗಗಳ ಬಗೆಗೆ ತಿಳಿವೂ ಇರಬೇಕಷ್ಟೆ.

ಕೆಲ್ಪಿನ ಬಾಳಿನಲ್ಲಿ ಕಣ್ಣಿಗೆ ಕಾಣದ ಒಂದು ಘಟ್ಟವಿದೆ. ದೊಡ್ಡ ಪಟ್ಟಿಯ ಮೇಲಿನ ಕಪ್ಪು ಮಚ್ಚೆಗಳಿಂದ ಅಸಂಖ್ಯ ಬೀಜಕಣಗಳು ನೀರಿಗೆ ಬಿಡುಗಡೆಯಾಗುತ್ತವೆ. ಅವು ನೇರವಾಗಿ ದೊಡ್ಡ ಪಾಚಿಯಾಗಿ ಬೆಳೆಯದೆ, ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಗಂಡು ಹೆಣ್ಣು ಎಳೆಗಳಾಗುತ್ತವೆ. ಅವುಗಳ ಕೂಡಿಕೆಯಿಂದ ಹೊಸ ಕೆಲ್ಪ್ ಹುಟ್ಟುತ್ತದೆ. ಈ ಗುಪ್ತ ಘಟ್ಟವನ್ನು 1915ರಲ್ಲಿ ಫ್ರಾನ್ಸಿನ ಕಮೀಯ್ ಸೊವಾಜೊ ಕಂಡುಹಿಡಿದರು. ಇಂದಿನ ಕೃಷಿಕರು ಈ ಸೂಕ್ಷ್ಮ ಸಸಿಗಳನ್ನು ದಾರ ಸುತ್ತಿದ ಉರುಳೆಗಳ ಮೇಲೆ, ತಣ್ಣನೆಯ ತೊಟ್ಟಿಗಳಲ್ಲಿ ಕೆಲವು ವಾರ ಸಾಕುತ್ತಾರೆ. ಮೇನ್ ತೀರದಲ್ಲಿ ಚಳಿಗಾಲಕ್ಕೆ ಮುಂಚೆ ಆ ದಾರವನ್ನು ಕಡಲಿನ ಹಗ್ಗಗಳಿಗೆ ಸುತ್ತಿ ಇಳಿಬಿಟ್ಟು, ವಸಂತದಲ್ಲಿ ಬೆಳೆ ಎತ್ತುತ್ತಾರೆ. ಇದಕ್ಕೆ ಹೊಲ ಬೇಡ, ಸಿಹಿನೀರು ಬೇಡ.

ಅಪಾಯವಿರುವುದು ತೊಟ್ಟಿಯ ಆ ಕೆಲವು ವಾರಗಳಲ್ಲಿ ಮತ್ತು ಕಡಲಿಗಿಳಿದ ಮೊದಲ ದಿನಗಳಲ್ಲಿ. ಕೆಲ್ಪಿನ ಕೋಶಭಿತ್ತಿಯ ಆಲ್ಜಿನೇಟನ್ನು ಕರಗಿಸಿ ಉಣ್ಣುವ ಬ್ಯಾಕ್ಟೀರಿಯಾಗಳು ಹೆಚ್ಚಿದರೆ ಎಳೆಯ ಸಸಿಗಳು ದಾರದಿಂದ ಕಳಚಿ ಬೀಳುತ್ತವೆ. ಜಪಾನಿನಲ್ಲಿ ಸಸಿಗಳಿಗೆ ಕೆಂಪು ಚುಕ್ಕೆ ರೋಗ ತಂದದ್ದು ಸ್ಯೂಡೊಆಲ್ಟೆರೊಮೊನಾಸ್ ಕುಲದ ಒಂದು ಬ್ಯಾಕ್ಟೀರಿಯಾ ಎಂದು ಗುರುತಿಸಲಾಯಿತು. ನೀರು ಕೊಳೆತು ಗಂಧಕದ ದುರ್ವಾಸನೆಯ ಅನಿಲವನ್ನು ಹೊರಡಿಸುವ ಬ್ಯಾಕ್ಟೀರಿಯಾಗಳು ಹೆಚ್ಚಿದರೆ ಸಸಿಗಳು ವಿಕಾರವಾಗುತ್ತವೆ. ಒಂದು ತೊಟ್ಟಿ ಕೆಟ್ಟರೆ ಕೃಷಿಕನ ಒಂದು ವರ್ಷದ ಬೆಳೆಯೇ ಹೋದಂತೆ. ಏಕೆಂದರೆ ಋತು ಕಳೆದ ಮೇಲೆ ಮತ್ತೆ ಬಿತ್ತಲಾಗದು.

ಈ ಭಯದಿಂದ ಕೃಷಿಕರು ಏನು ಮಾಡುತ್ತಾರೆ? ಬೀಜಕಣ ತುಂಬಿದ ಭಾಗವನ್ನು ಅಯೋಡಿನ್ ದ್ರಾವಣದಲ್ಲಿ ಅದ್ದುತ್ತಾರೆ. ತೊಟ್ಟಿಗೆ ಬಿಡುವ ಕಡಲ ನೀರನ್ನು ಸೋಸಿ, ಅತಿನೇರಳೆ ಬೆಳಕಿನಲ್ಲಿ ಹಾಯಿಸುತ್ತಾರೆ. ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳು ಸಸಿಯನ್ನು ಮುಚ್ಚದಿರಲೆಂದು ಜರ್ಮೇನಿಯಂ ಡೈಆಕ್ಸೈಡ್ ಬೆರೆಸಿ ಅವುಗಳ ಬೆಳವಣಿಗೆಯನ್ನು ತಡೆಯುತ್ತಾರೆ. ಯಾವುದು ಕೆಡುಕು ಮಾಡುವುದೆಂದು ತಿಳಿಯದಿರುವಾಗ ಎಲ್ಲವನ್ನೂ ಕೊಲ್ಲುವುದೇ ಸುರಕ್ಷಿತವೆಂದು ಮನುಷ್ಯನಿಗೆ ತೋರುತ್ತದೆ. ಇದು ಆ ಕೃಷಿಕರೊಬ್ಬರ ಸ್ವಭಾವವಲ್ಲ. ಮನೆಯ ನೆಲಕ್ಕೆ ದಿನವೂ ಕ್ರಿಮಿನಾಶಕ ಸುರಿಯುವಾಗ ನಾವೂ ಮಾಡುವುದು ಇದನ್ನೇ.

ಆದರೆ ಕಾಣದ ಜೀವಿಗಳೆಲ್ಲ ವೈರಿಗಳಲ್ಲ. ಪಾಚಿಗಳಿಗೂ ಬ್ಯಾಕ್ಟೀರಿಯಾಗಳಿಗೂ ಇರುವ ಸಂಬಂಧದ ಬಗ್ಗೆ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 326 ಪಾಚಿ ಪ್ರಭೇದಗಳ ಪೈಕಿ 171ಕ್ಕೆ ಬಿ-12 ಜೀವಸತ್ವವು ಹೊರಗಿನಿಂದ ದೊರೆಯಬೇಕಾಗಿದೆ ಎಂದು ಕಂಡುಬಂದಿತು. ಅದನ್ನು ತಯಾರಿಸಬಲ್ಲವು ಬ್ಯಾಕ್ಟೀರಿಯಾಗಳು. ಪಾಚಿ ಅವಕ್ಕೆ ಸಕ್ಕರೆಯಂಥ ಪದಾರ್ಥಗಳನ್ನು ಕೊಡುತ್ತದೆ. ಕೆಲ್ಪಿನ ಸಂಬಂಧಿಯಾದ ಎಕ್ಟೊಕಾರ್ಪಸ್ ಎಂಬ ಸಣ್ಣ ಕಂದು ಪಾಚಿಯ ಒಂದು ತಳಿ ಸಿಹಿನೀರಿನಲ್ಲಿಯೂ ಬದುಕಬಲ್ಲದು. ಪ್ರಯೋಗಾಲಯದಲ್ಲಿ ಪ್ರತಿಜೈವಿಕ ಔಷಧ ಕೊಟ್ಟು ಅದರ ಮೈಮೇಲಿನ ಬ್ಯಾಕ್ಟೀರಿಯಾಗಳನ್ನು ಕಡಿಮೆ ಮಾಡಿದಾಗ ಅದು ಸಿಹಿನೀರನ್ನು ತಾಳದಾಯಿತು. ಬ್ಯಾಕ್ಟೀರಿಯಾಗಳನ್ನು ಮರಳಿ ಸೇರಿಸಿದಾಗ ಆ ಶಕ್ತಿ ಮರಳಿತು. ಜೀವಿಗಳು ಒಂದಕ್ಕೊಂದು ಉಪಕಾರ ಮಾಡುತ್ತ ಬಾಳುತ್ತವೆ ಎಂಬ ತತ್ತ್ವಾರ್ಥಸೂತ್ರದ ಉಪದೇಶವನ್ನು ಬಾಲ್ಯದಿಂದ ಕೇಳಿದ ನಮಗೆ ಇದು ಅಚ್ಚರಿಯಾಗಬಾರದು. ಆದರೂ ಎಲ್ಲವನ್ನೂ ಕೊಂದು ಶುಚಿ ಮಾಡುವವನು ತನ್ನ ಬೆಳೆಯ ಉಪಕಾರಿಯನ್ನೂ ಕೊಲ್ಲುತ್ತಾನೆ ಎಂಬುದು ಗಟ್ಟಿಯಾಗಿ ನೆನಪಿಡಬೇಕಾದ ಮಾತು. ಹಿಂಸೆಯು ಅಲ್ಲಿ ಪಾಪ ಮಾತ್ರವಲ್ಲ, ನಷ್ಟವೂ ಹೌದು.

ಇಲ್ಲಿಯೇ ನೋಡುವ ವಿದ್ಯೆಯ ಅಗತ್ಯ ಬರುವುದು. ಒಂದು ಮಿಲಿಲೀಟರ್ ಕಡಲ ನೀರಿನಲ್ಲಿ ಸುಮಾರು 10 ಲಕ್ಷ ಬ್ಯಾಕ್ಟೀರಿಯಾಗಳಿರುತ್ತವೆ. ಹಿಂದೆ ಅವುಗಳನ್ನು ಅರಿಯಲು ಗಾಜಿನ ತಟ್ಟೆಯಲ್ಲಿ ಆಹಾರವಿಟ್ಟು ಬೆಳೆಸಿ ನೋಡುತ್ತಿದ್ದರು. ಆದರೆ ಹಾಗೆ ಬೆಳೆಯುತ್ತಿದ್ದವು 100ಕ್ಕೆ 1ಕ್ಕಿಂತಲೂ ಕಡಿಮೆ. ಉಳಿದವು ಇದ್ದೂ ಇಲ್ಲದಂತೆ. ಜೀವಕೋಶದಲ್ಲಿ ಪ್ರೊಟೀನು ತಯಾರಿಸುವ ಯಂತ್ರದ ಒಂದು ಭಾಗವನ್ನು ಹೋಲಿಸಿ ನೋಡಿದರೆ ಜೀವಿಗಳ ಬಳಗವನ್ನು ಗುರುತಿಸಬಹುದೆಂದು 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ತೋರಿಸಿಕೊಟ್ಟರು. ಅದೇ ಆಧಾರದ ಮೇಲೆ, ತಟ್ಟೆಯಲ್ಲಿ ಬೆಳೆಸದೆ ನೇರವಾಗಿ ನೀರಿನಿಂದಲೇ ಆ ಜೀನನ್ನು ತೆಗೆದು ಓದುವುದು ರೂಢಿಗೆ ಬಂತು. 1990ರಲ್ಲಿ ಸಾರ್ಗಾಸೊ ಕಡಲ ನೀರಿನಲ್ಲಿ ಹೀಗೆ ಕಂಡುಬಂದ ಬ್ಯಾಕ್ಟೀರಿಯಾಗಳ ಒಂದು ಗುಂಪು ಇಂದು ಸಾಗರದಲ್ಲೆಲ್ಲ ಅತಿ ಹೆಚ್ಚಾಗಿರುವ ಜೀವಿಗಳಲ್ಲಿ ಒಂದೆಂದು ತಿಳಿದಿದೆ. ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಸಾಧ್ಯವಾದದ್ದು 2002ರಲ್ಲಿ. ಅಂದರೆ ಅದರ ಮುಖ ನೋಡುವ 12 ವರ್ಷ ಮೊದಲೇ ಅದರ ಹೆಜ್ಜೆಗುರುತು ಸಿಕ್ಕಿತ್ತು.

ದೊಡ್ಡ ಪ್ರಾಣಿಗಳ ವಿಷಯದಲ್ಲಿಯೂ ಇದೇ ಕ್ರಮ ಫಲಿಸಿದೆ. ಪ್ರಾಣಿಗಳು ನೀರಿನಲ್ಲಿ ಬಿಟ್ಟುಹೋಗುವ ಚರ್ಮದ ಕಣ, ಲೋಳೆ, ಮಲಗಳಲ್ಲಿ ಅವುಗಳ ಡಿಎನ್‌ಎ ಇರುತ್ತದೆ. 2008ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಹೊರದೇಶದಿಂದ ಬಂದು ಹಬ್ಬಿದ್ದ ಒಂದು ಜಾತಿಯ ಕಪ್ಪೆ ಯಾವ ಕೊಳದಲ್ಲಿದೆಯೆಂದು ಒಂದು ಕಪ್ಪೆಯನ್ನೂ ಹಿಡಿಯದೆ, ಕೊಳದ ನೀರಿನ ಪರೀಕ್ಷೆಯಿಂದಲೇ ಹೇಳಿದರು. ಹಿಡಿಯದೆ, ಸೀಳದೆ, ಬೆದರಿಸದೆ ತಿಳಿಯುವ ಈ ದಾರಿ ನಮ್ಮ ಮನಸ್ಸಿಗೆ ಹತ್ತಿರವಾದದ್ದಲ್ಲವೇ?

ಕೆಲ್ಪ್ ಬೆಳೆಯುವಲ್ಲಿ ಕ್ರಮ ಹೀಗಿರುತ್ತದೆ. ತೊಟ್ಟಿಯ ನೀರು, ಹೊಲದಂತೆ ಹಬ್ಬಿದ ಹಗ್ಗಗಳ ನಡುವಿನ ನೀರು, ಅಲ್ಲಿಂದ ದೂರದ ತೆರೆದ ಕಡಲಿನ ನೀರು, ಇವುಗಳನ್ನು ಬೇರೆ ಬೇರೆ ದಿನ ಸಂಗ್ರಹಿಸುತ್ತಾರೆ. 0.22 ಮೈಕ್ರೋಮೀಟರ್ ರಂಧ್ರಗಳ ತೆಳು ಪೊರೆಯಲ್ಲಿ ಸೋಸುತ್ತಾರೆ. ಮೈಕ್ರೋಮೀಟರೆಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಬಹುಪಾಲು ಬ್ಯಾಕ್ಟೀರಿಯಾಗಳು ಆ ಪೊರೆಯ ಮೇಲೆ ಉಳಿಯುತ್ತವೆ. ಅವುಗಳ ಕೋಶಗಳನ್ನು ಒಡೆದು ಡಿಎನ್‌ಎ ತೆಗೆದು, ಗುರುತಿಗೆ ಬೇಕಾದ ಜೀನನ್ನು ಕೋಟಿಗಟ್ಟಲೆ ಪ್ರತಿ ಮಾಡಿ ಓದುತ್ತಾರೆ. ಹೀಗೆ ಪ್ರತಿ ಮಾಡುವ ಕ್ರಮವನ್ನು 1983ರಲ್ಲಿ ಕ್ಯಾರಿ ಮುಲ್ಲಿಸ್ ಕಲ್ಪಿಸಿದರು. ಅದಕ್ಕೆ ಬೇಕಾದ ಶಾಖ ತಾಳುವ ಕಿಣ್ವವು ದೊರೆತದ್ದು ಅಮೆರಿಕದ ಯೆಲ್ಲೊಸ್ಟೋನ್ ಬಿಸಿನೀರಿನ ಬುಗ್ಗೆಯಲ್ಲಿ ಕಂಡುಬಂದ ಒಂದು ಬ್ಯಾಕ್ಟೀರಿಯಾದಿಂದ. ಕಾಣದ ಜೀವಿಗಳನ್ನು ಕಾಣಿಸುವ ಕಣ್ಣನ್ನು ಕೊಟ್ಟದ್ದೂ ಕಾಣದ ಒಂದು ಜೀವಿಯೇ. ಮೇನ್ ರಾಜ್ಯದ ವಿಶ್ವವಿದ್ಯಾಲಯವೂ ಬಿಗೆಲೊ ಸಾಗರ ವಿಜ್ಞಾನ ಪ್ರಯೋಗಾಲಯವೂ ಸೇರಿ 2019ರಿಂದ ತಮ್ಮ ತೀರದ ಜೀವಜಾಲವನ್ನು ಹೀಗೆ ನೀರಿನ ಮೂಲಕ ಓದುವ ದೊಡ್ಡ ಯೋಜನೆಯೊಂದನ್ನು ನಡೆಸಿದವು. ಆ ಕೊಲ್ಲಿಯ ನೀರು ಜಗತ್ತಿನ ಬಹುಪಾಲು ಸಾಗರಕ್ಕಿಂತ ವೇಗವಾಗಿ ಬಿಸಿಯಾಗುತ್ತಿರುವುದರಿಂದ, ನೀರಿನಲ್ಲಿ ಏನು ಬದಲಾಗುತ್ತಿದೆ ಎಂಬುದು ಅಲ್ಲಿನವರಿಗೆ ಬದುಕಿನ ಪ್ರಶ್ನೆ.

ಈಗ ನಮ್ಮ ಮನೆಯ ಸೋಸುವ ಬಟ್ಟೆಯನ್ನು ನೆನೆಯೋಣ. ಎರಡು ಪದರದ ದಪ್ಪ ಬಟ್ಟೆಯಲ್ಲಿ ನೀರು ಸೋಸಿ, ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ಬಾವಿಗೆ, ಅದೇ ಕೆರೆಗೆ ಮೆಲ್ಲನೆ ಮರಳಿಸುವುದು ನಮ್ಮ ಹಿರಿಯರ ಆಚಾರ. ಆ ಬಟ್ಟೆಯು ಒಂಟಿ ಬ್ಯಾಕ್ಟೀರಿಯಾವನ್ನು ತಡೆಯಲಾರದು. ಹುಳು, ಮರಿಹುಳು, ತೇಲುವ ಸಣ್ಣ ಜಲಚರಗಳನ್ನು ತಡೆಯುತ್ತದೆ. ಅದರ ಬೆಲೆ ಕಡಿಮೆಯೇನಲ್ಲ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಹತ್ತಿ ಸೀರೆಯನ್ನು ಹಲವು ಮಡಿಕೆ ಮಾಡಿ ನೀರು ಸೋಸಿದಾಗ ಕಾಲರಾ ಪ್ರಕರಣಗಳು ಸುಮಾರು ಅರ್ಧಕ್ಕೆ ಇಳಿದವೆಂದು ರೀಟಾ ಕೋಲ್ವೆಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದರು. ಕಾಲರಾ ಬ್ಯಾಕ್ಟೀರಿಯಾಗಳು ಸಣ್ಣ ಜಲಚರಗಳಿಗೆ ಅಂಟಿಕೊಂಡಿರುವುದೇ ಅದಕ್ಕೆ ಕಾರಣ.

ನಮ್ಮ ಬಟ್ಟೆಗೂ ವಿಜ್ಞಾನಿಯ ಪೊರೆಗೂ ಒಂದು ದೊಡ್ಡ ಅಂತರವಿದೆ. ನಾವು ಸೋಸುವುದು ಮರಳಿಸುವುದಕ್ಕಾಗಿ. ಅವರು ಸೋಸುವುದು ಇಟ್ಟುಕೊಂಡು ಒಡೆದು ಓದುವುದಕ್ಕಾಗಿ. ಒಂದು ಲೀಟರ್ ನೀರಿನಲ್ಲಿ 100 ಕೋಟಿಯಷ್ಟು ಬ್ಯಾಕ್ಟೀರಿಯಾಗಳು ಅಲ್ಲಿ ಮರಳಿ ಬಾರದಂತೆ ಹೋಗುತ್ತವೆ. ಇದನ್ನು ಮುಚ್ಚಿಟ್ಟು ಈ ವಿಧಾನವನ್ನು ಶುದ್ಧ ಅಹಿಂಸೆಯೆಂದು ಹೊಗಳುವುದು ಸತ್ಯಾಣುವ್ರತಕ್ಕೆ ಸಲ್ಲದು. ಹಾಗೆಂದು ಇದನ್ನು ತಳ್ಳಿಹಾಕಬೇಕೆ? ಗೃಹಸ್ಥನ ಹಿಂಸೆಯನ್ನು ನಮ್ಮವರು ನಾಲ್ಕಾಗಿ ವಿಂಗಡಿಸಿದ್ದಾರೆ: ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ. ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪಿ ಹಿಂಸೆಯನ್ನು ಶ್ರಾವಕನು ಬಿಡಲೇಬೇಕು. ಉಳಿದ ಮೂರನ್ನು ಬಾಳುವೆಯ ಅನಿವಾರ್ಯಕ್ಕೆ ತಕ್ಕಷ್ಟು, ದಿನದಿನಕ್ಕೆ ಇಳಿಸುತ್ತ ಹೋಗಬೇಕು. ನೀರಿನ ಪರೀಕ್ಷೆ ಉದ್ಯೋಗಿ ಹಿಂಸೆಯ ಸಾಲಿಗೆ ಸೇರುತ್ತದೆ. ಅದನ್ನು ತೂಗಬೇಕಾದದ್ದು ಅದು ತಡೆಯುವ ಹಿಂಸೆಯೊಂದಿಗೆ. ಏನಿದೆಯೆಂದು ತಿಳಿಯದೆ ತೊಟ್ಟಿಗಳಿಗೆ ವರ್ಷವರ್ಷವೂ ವಿಷ ಬೆರೆಸುವುದಕ್ಕಿಂತ, ಒಂದು ಲೀಟರ್ ನೀರನ್ನು ಓದಿ ವಿಷವನ್ನು ಬಿಡಲು ಸಾಧ್ಯವಾದರೆ, ಆ ಓದು ಒಪ್ಪತಕ್ಕದ್ದು. ವಿಷ ಬೆರೆಸುವುದನ್ನೇ ಇನ್ನಷ್ಟು ಚುರುಕುಗೊಳಿಸಲು ಅದನ್ನು ಬಳಸಿದರೆ ಒಪ್ಪತಕ್ಕದ್ದಲ್ಲ.

ಈ ಕೊನೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅನರ್ಥದಂಡ ವ್ರತದಲ್ಲಿ ಹಿಂಸಾದಾನವೆಂಬುದನ್ನು ನಿಷೇಧಿಸಲಾಗಿದೆ. ವಿಷ, ಆಯುಧ, ಬೆಂಕಿ ಮೊದಲಾದ ಕೊಲ್ಲುವ ಸಾಧನಗಳನ್ನು ಇನ್ನೊಬ್ಬರ ಕೈಗೆ ಕೊಡುವುದೇ ಹಿಂಸಾದಾನ. ತಿಳಿವಳಿಕೆಯೂ ಕೆಲವೊಮ್ಮೆ ಆಯುಧವಾಗಬಲ್ಲದು. ಇಂಥ ಬ್ಯಾಕ್ಟೀರಿಯಾ ಇಂಥ ತೊಟ್ಟಿಯಲ್ಲಿದೆ ಎಂಬ ಪಟ್ಟಿಯನ್ನು ಕೃಷಿಕನ ಕೈಗೆ ಕೊಟ್ಟು ಸುಮ್ಮನಾದರೆ ಅವನು ಅಂಗಡಿಗೆ ಹೋಗಿ ಔಷಧ ತರುವುದು ಸಹಜ. ಅದೇ ಪಟ್ಟಿಯ ಜೊತೆಗೆ ನೀರಿನ ತಾಪವನ್ನು ಇಳಿಸು, ದಾರದ ಮೇಲೆ ಸಸಿಗಳನ್ನು ದಟ್ಟವಾಗಿ ಬೆಳೆಸಬೇಡ, ನೀರನ್ನು ಹೆಚ್ಚು ಬಾರಿ ಬದಲಿಸು, ಬಿತ್ತುವ ದಿನವನ್ನು ಮುಂದೂಡು ಎಂಬ ಸಲಹೆ ಸೇರಿದರೆ ಅದು ಅಭಯದಾನಕ್ಕೆ ಹತ್ತಿರವಾಗುತ್ತದೆ. ಒಂದೇ ವಿದ್ಯೆ ಎರಡು ದಾನಗಳಿಗೂ ಸಾಧನವಾಗಬಲ್ಲದೆಂಬುದನ್ನು ವಿದ್ಯೆಯನ್ನು ಕೊಡುವವರು ಮರೆಯಬಾರದು.

ಇದು ಬರಿಯ ಆಸೆಯ ಮಾತಲ್ಲ. ಮೇನ್ ಕೊಲ್ಲಿಯಲ್ಲಿಯೂ ನಾರ್ವೆಯಲ್ಲಿಯೂ ನೀರು ಬಿಸಿಯಾಗುತ್ತ ಬಂದಂತೆ ಮೆಂಬ್ರಾನಿಪೊರ ಎಂಬ ಸಣ್ಣ ಪ್ರಾಣಿಗಳ ಸಮೂಹವು ಕೆಲ್ಪಿನ ಪಟ್ಟಿಗಳ ಮೇಲೆ ಬಿಳಿಯ ಜಾಲರಿಯಂತೆ ಹಬ್ಬಿ ಬೆಳೆಯನ್ನು ಕೆಡಿಸುತ್ತದೆ. ಇವು ನಮ್ಮ ಎಣಿಕೆಯಲ್ಲಿ ತ್ರಸಜೀವಿಗಳೇ ಸರಿ. ಕೃಷಿಕರು ಅವುಗಳನ್ನು ಕೊಲ್ಲಲು ಹೋಗುವುದಿಲ್ಲ. ಅವು ಬಂದು ನೆಲೆಸುವ ಮೊದಲೇ ಬೆಳೆಯನ್ನು ಎತ್ತಿಬಿಡುತ್ತಾರೆ. ಅವುಗಳ ಮರಿಗಳು ನೀರಿನಲ್ಲಿ ತೇಲುತ್ತ ಬರುವುದನ್ನು ಡಿಎನ್‌ಎಯ ಮೂಲಕ ಮೊದಲೇ ಅರಿಯಬಹುದಾದರೆ ಕೊಯ್ಲಿನ ದಿನವನ್ನು ಇನ್ನಷ್ಟು ಸರಿಯಾಗಿ ಗೊತ್ತುಮಾಡಬಹುದು. ದಾರಿಯಲ್ಲಿ ಇರುವೆಗಳ ಸಾಲು ಕಂಡಾಗ ಮುನಿಗಳು ಅದನ್ನು ಗುಡಿಸಿಹಾಕದೆ ಪಕ್ಕಕ್ಕೆ ಸರಿದು ಹೋಗುವಂತೆಯೇ ಇದು.

ಇನ್ನು ಎರಡು ಎಚ್ಚರಿಕೆಗಳು. ಮೊದಲನೆಯದು ನಮ್ಮವರಿಗೆ. ಇಂಥ ಸಂಶೋಧನೆಗಳ ಸುದ್ದಿ ಬಂದೊಡನೆ, ಇದೆಲ್ಲ ನಮ್ಮ ಆಗಮಗಳಲ್ಲಿ ಮೊದಲೇ ಇದೆ, ನಿಗೋದಜೀವಿಗಳೆಂದರೆ ಬ್ಯಾಕ್ಟೀರಿಯಾಗಳೇ ಎಂದು ಸಾರುವ ಉತ್ಸಾಹ ನಮ್ಮಲ್ಲಿ ಕೆಲವರಿಗಿದೆ. ಆ ಉತ್ಸಾಹವನ್ನು ನಾನು ಒಪ್ಪಲಾರೆ. ನಿಗೋದವೆಂದರೆ ಅನಂತ ಜೀವಿಗಳು ಒಂದೇ ಶರೀರವನ್ನು, ಒಂದೇ ಉಸಿರನ್ನು, ಒಂದೇ ಆಹಾರವನ್ನು ಹಂಚಿಕೊಂಡಿರುವ ಸ್ಥಿತಿ. ಅದು ಕರ್ಮಸಿದ್ಧಾಂತದೊಳಗಿನ ವಿಚಾರ. ಬ್ಯಾಕ್ಟೀರಿಯಾವಾದರೋ ತನ್ನದೇ ಆದ ಕೋಶವುಳ್ಳದ್ದು, ಎಣಿಸಬಹುದಾದದ್ದು. ಎರಡನ್ನೂ ಒಂದೇ ಎಂದರೆ ಆಗಮಕ್ಕೂ ನ್ಯಾಯವಾಗದು, ವಿಜ್ಞಾನಕ್ಕೂ ನ್ಯಾಯವಾಗದು. ನಾಳೆ ವಿಜ್ಞಾನ ತನ್ನ ಮಾತನ್ನು ತಿದ್ದಿಕೊಂಡರೆ ನಾವು ಆಗಮವನ್ನೂ ತಿದ್ದುತ್ತೇವೆಯೆ? ಕಣ್ಣಿಗೆ ಕಾಣದ ಜೀವವಿದೆ, ಅದರ ಮುಂದೆ ಎಚ್ಚರದಿಂದಿರು ಎಂಬ ಉಪದೇಶಕ್ಕೆ ಯಾವ ಪ್ರಯೋಗಾಲಯದ ಪ್ರಮಾಣಪತ್ರವೂ ಬೇಡ. ಆ ಎಚ್ಚರವನ್ನು ಆಚರಣೆಗೆ ತರಲು ಪ್ರಯೋಗಾಲಯ ನೆರವಾದರೆ ಅದನ್ನು ಕೃತಜ್ಞತೆಯಿಂದ ಸ್ವೀಕರಿಸೋಣ, ಅಷ್ಟು ಸಾಕು.

ಎರಡನೆಯ ಎಚ್ಚರಿಕೆ ಈ ವಿದ್ಯೆಯನ್ನು ಬಳಸುವವರಿಗೆ. ನೀರಿನಲ್ಲಿ ಒಂದು ಜೀವಿಯ ಡಿಎನ್‌ಎ ಸಿಕ್ಕಿತೆಂದರೆ ಆ ಜೀವಿ ಬದುಕಿದೆಯೆಂದು ಅರ್ಥವಲ್ಲ. ಸತ್ತ ಜೀವಿಯ ಡಿಎನ್‌ಎ ಕೂಡ ಕೆಲವು ದಿನ ನೀರಿನಲ್ಲಿ ಉಳಿಯುತ್ತದೆ, ಪ್ರವಾಹದೊಂದಿಗೆ ಬೇರೆಡೆಯಿಂದ ತೇಲಿಬಂದಿರಲೂಬಹುದು. ಸಿಗಲಿಲ್ಲವೆಂದರೆ ಅದು ಇಲ್ಲವೆಂದೂ ಅರ್ಥವಲ್ಲ. ನೀರಿನಲ್ಲಿರುವ ಬ್ಯಾಕ್ಟೀರಿಯಾಗಳ ಸಮೂಹವೇ ಬೇರೆ, ಕೆಲ್ಪಿನ ಮೈಮೇಲೆ ನೆಲೆಸಿದ ಸಮೂಹವೇ ಬೇರೆ. ಆದ್ದರಿಂದ ಪಾಚಿಯ ಮೈಯನ್ನೂ ಒರೆಸಿ ನೋಡಬೇಕಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ರೋಗದ ಜೊತೆಗೆ ಇರುವುದು ರೋಗಕ್ಕೆ ಕಾರಣವೇ ಆಗಬೇಕಿಲ್ಲ. ಆಲ್ಜಿನೇಟ್ ಕರಗಿಸುವ ಬ್ಯಾಕ್ಟೀರಿಯಾಗಳು ಆರೋಗ್ಯವಂತ ಕೆಲ್ಪಿನ ಮೇಲೆಯೂ ತೊಂದರೆ ಕೊಡದೆ ಇರುತ್ತವೆ; ಪಾಚಿಯೇ ಬಳಲಿದಾಗ ಅವು ಕೈಮೀರಿ ಹೆಚ್ಚುತ್ತವೆ.

2021ರ ಕೊನೆಯಲ್ಲಿ ಚೀನಾದ ಶಾಂಡೋಂಗ್ ಪ್ರಾಂತದ ರೋಂಗ್‌ಚೆಂಗ್ ಕಡಲಿನಲ್ಲಿ ಕೆಲ್ಪ್ ಬೆಳೆ ದೊಡ್ಡ ಪ್ರಮಾಣದಲ್ಲಿ ಕೊಳೆತುಹೋಯಿತು. ಕೊಳೆತಲ್ಲಿ ಬ್ಯಾಕ್ಟೀರಿಯಾಗಳು ಇದ್ದೇ ಇರುತ್ತವೆ. ಅಪವಾದ ಹೊರಿಸಲು ಅವು ಸುಲಭವಾಗಿ ಸಿಗುತ್ತವೆ. ಆದರೆ ಅಧ್ಯಯನ ಮಾಡಿದವರು ಮುಂದಿಟ್ಟ ಕಾರಣಗಳು ಬೇರೆ: ನೀರು ಎಂದಿಗಿಂತ ತಿಳಿಯಾಗಿ ಬೆಳಕು ಅತಿಯಾಗಿ ಒಳನುಗ್ಗಿತ್ತು, ಪಾಚಿಗೆ ಬೇಕಾದ ಸಾರಜನಕವು ನೀರಿನಲ್ಲಿ ತೀರ ಕಡಿಮೆಯಾಗಿತ್ತು. ಅಂಥ ಸಂದರ್ಭದಲ್ಲಿ ಡಿಎನ್‌ಎ ಪಟ್ಟಿಯೊಂದನ್ನೇ ನೋಡಿದವನು ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ಹೊರಡುತ್ತಿದ್ದ. ಬೆಳಕನ್ನೂ ಪೋಷಕಾಂಶವನ್ನೂ ಅಳೆದವನು ಹಗ್ಗಗಳನ್ನು ಇನ್ನಷ್ಟು ಆಳಕ್ಕೆ ಇಳಿಬಿಡುವ ಬಗ್ಗೆ ಯೋಚಿಸುತ್ತಿದ್ದ.

ಅನೇಕಾಂತವನ್ನು ಓದಿದವರಿಗೆ ಇದು ಹೊಸ ಪಾಠವಲ್ಲ. ಡಿಎನ್‌ಎ ಹೇಳುವುದು ಒಂದು ನಯ. ನೀರಿನ ತಾಪ ಹೇಳುವುದು ಇನ್ನೊಂದು, ಬೆಳಕು ಹೇಳುವುದು ಮತ್ತೊಂದು, ವರ್ಷಗಟ್ಟಲೆ ಹಗ್ಗ ಎತ್ತಿ ಇಳಿಸಿದ ಕೃಷಿಕನ ಅನುಭವ ಹೇಳುವುದು ಮಗದೊಂದು. ಒಂದು ನಯವನ್ನೇ ಪೂರ್ಣಸತ್ಯವೆಂದು ಹಿಡಿದರೆ ಅದು ನಯಾಭಾಸವಾಗುತ್ತದೆ. ನಾನು ಶಾಲೆಯಲ್ಲಿ ಕಲಿಸುತ್ತಿದ್ದ ಕಾಲದಲ್ಲಿ ಸ್ಯಾದ್ವಾದವನ್ನು ಕೇಳಿದ ಕೆಲವರು, ಎಲ್ಲವೂ ಇರಬಹುದು ಎನ್ನುವುದು ಯಾವುದನ್ನೂ ತೀರ್ಮಾನಿಸಲಾಗದವರ ಮಾತೆಂದು ನಗುತ್ತಿದ್ದರು. ಕಡಲ ನೀರಿನ ಈ ಪರೀಕ್ಷೆಯನ್ನು ನೋಡಿದರೆ ಸ್ಯಾತ್ ಎಂಬ ಪದದ ಬೆಲೆ ತಿಳಿಯುತ್ತದೆ. ಈ ದಿನ, ಈ ಸ್ಥಳದಲ್ಲಿ, ಈ ವಿಧಾನದಿಂದ ನೋಡಿದಾಗ ಈ ಜೀವಿಯ ಗುರುತು ಸಿಕ್ಕಿತು ಎಂದು ಹೇಳುವವನೇ ನಂಬಿಕೆಗೆ ಅರ್ಹ. ಅವನು ತೀರ್ಮಾನವನ್ನು ತಪ್ಪಿಸಿಕೊಳ್ಳುತ್ತಿಲ್ಲ. ತನ್ನ ತೀರ್ಮಾನ ಎಲ್ಲಿಯವರೆಗೆ ನಿಲ್ಲುತ್ತದೆಂದು ತಿಳಿಸುತ್ತಿದ್ದಾನೆ.

ಆದಕಾರಣ ಇಂಥ ಅಧ್ಯಯನಗಳಿಗೆ ಶ್ರಾವಕನ ಒಪ್ಪಿಗೆ ಇರಬೇಕೆಂಬುದೂ, ಆ ಒಪ್ಪಿಗೆಗೆ ಮೂರು ಕಟ್ಟುಗಳಿರಬೇಕೆಂಬುದೂ ನನ್ನ ನಿಲುವು. ಒಂದು, ಬೇಕಾದಷ್ಟೇ ನೀರನ್ನು ತೆಗೆಯಬೇಕು. ಒಬ್ಬರು ಓದಿದ್ದನ್ನು ಎಲ್ಲರಿಗೂ ತೆರೆದಿಟ್ಟರೆ ಮತ್ತೊಬ್ಬರು ಅದೇ ನೀರನ್ನು ಮತ್ತೆ ಸೋಸಬೇಕಾಗದು. ಇದು ಜ್ಞಾನದಲ್ಲಿ ಅಪರಿಗ್ರಹ. ಎರಡು, ಕಂಡದ್ದನ್ನು ಕಂಡಷ್ಟೇ ಹೇಳಬೇಕು. ಮೂರು, ಫಲಿತಾಂಶದ ಮೊದಲ ಬಳಕೆ ಕೊಲ್ಲುವುದಕ್ಕಾಗದೆ ತಾಪ, ಕಾಲ, ದಟ್ಟಣೆಗಳನ್ನು ಸರಿಪಡಿಸುವುದಕ್ಕಾಗಬೇಕು. ಅವು ಯಾವುವೂ ಫಲಿಸದಾಗ ಮಾತ್ರ ಉಳಿದ ಉಪಾಯ.

ದೂರದ ಕಡಲಿನ ಕೃಷಿಕರಿಗೆ ಇದನ್ನು ಬೋಧಿಸುವ ಅಧಿಕಾರ ನಮಗಿಲ್ಲ. ಅವರು ಜೈನರಲ್ಲ, ಅವರ ಬದುಕಿನ ಕಷ್ಟ ಅವರಿಗೇ ಗೊತ್ತು. ಆದರೆ ಇದೇ ಮೂರು ಕಟ್ಟುಗಳನ್ನು ನಮ್ಮ ಮನೆಗಳಿಗೆ ತಂದುಕೊಳ್ಳಲು ಅಡ್ಡಿಯೇನೂ ಇಲ್ಲ. ನೆಗಡಿ ಬಂದೊಡನೆ ವೈದ್ಯರನ್ನು ಕೇಳದೆ ಪ್ರತಿಜೈವಿಕ ಮಾತ್ರೆ ನುಂಗುವುದು, ಬಹುತೇಕ ನೆಗಡಿಗಳು ವೈರಸ್ಸಿನಿಂದ ಬರುವುದರಿಂದ, ನಿಷ್ಪ್ರಯೋಜಕ. ಕರುಳಿನಲ್ಲಿ ನಮಗೆ ಉಪಕಾರ ಮಾಡುತ್ತಿರುವ ಅಸಂಖ್ಯ ಜೀವಿಗಳಿಗೆ ಅದು ಅನರ್ಥದಂಡ. ಒಣಬಟ್ಟೆಯಿಂದ ಒರೆಸಿದರೆ ಸಾಕಾಗುವ ನೆಲಕ್ಕೆ ವಿಷ ಸುರಿಯುವುದೂ ಹಾಗೆಯೇ. ನೀರು ನಿಲ್ಲದಂತೆ ನೋಡಿಕೊಂಡರೆ ಸೊಳ್ಳೆ ಹುಟ್ಟುವುದಿಲ್ಲ. ಹುಟ್ಟಿದ ಮೇಲೆ ಕೊಲ್ಲುವ ಪ್ರಸಂಗವೂ ಬರುವುದಿಲ್ಲ. ಏನಿದೆ, ಏಕಿದೆ, ಕೊಲ್ಲದೆ ಆಗುವ ಉಪಾಯ ಯಾವುದು ಎಂಬ ಮೂರು ಪ್ರಶ್ನೆಗಳನ್ನು ಕೈಯೆತ್ತುವ ಮೊದಲು ಕೇಳಿಕೊಳ್ಳುವ ಅಭ್ಯಾಸ ಮನೆಯ ಮಕ್ಕಳಿಗೂ ಆಗಲಿ. ದಯೆಯು ಕಣ್ಣು ಮುಚ್ಚಿಕೊಂಡಿರುವ ಭಾವವಲ್ಲ. ಅರಿವು ಹೆಚ್ಚಿದಂತೆ ದಯೆಯ ಹೊಣೆಯೂ ಹೆಚ್ಚುತ್ತದೆ. ಆ ಹೊಣೆಯನ್ನು ಹೊರುವ ಸಮ್ಯಕ್ ಬುದ್ಧಿ ನಮಗೆಲ್ಲರಿಗೂ ಉಂಟಾಗಲಿ.